ಸಡಿಲವಾಗದ ನೀಲಿ ಅಂಗಿ

ಪುಟಾಣಿ ತರಗತಿಯ ಆಯಾಗೆ ಮಕ್ಕಳಿಟ್ಟ ಹೆಸರು ದಿಂಬಮ್ಮ. ಎಂಥ ಅಳುವ ಮಗುವೂ ಅವಳ ಮಡಿಲಿಗೆ ಬಿದ್ದರೆ ನಿದ್ದೆಗೆ ಜಾರುತ್ತಿತ್ತು. ಈಗೀಗ ಆ ಮೈಯೇ ಅವಳಿಗೆ ಭಾರವಾಗಿತ್ತು. ಒಮ್ಮೆ ಆಟಿಕೆಗಳ ನಡುವೆ ನೆಲಕ್ಕೆ ಕೂತವಳನ್ನು ಇಬ್ಬರು ಟೀಚರುಗಳು ಕೈಹಿಡಿದು ಎಬ್ಬಿಸಬೇಕಾಯಿತು.

"ರಜೆ ಮುಗಿದ ಮೇಲೂ ಹೀಗೇ ಇದ್ರೆ ನಿಮ್ಮನ್ನ ಗೇಟಿಗೆ ಹಾಕ್ತೀನಮ್ಮ, ಅಲ್ಲಿ ಕುರ್ಚಿ ಇದೆ," ಎಂದರು ಹೆಡ್ ಮೇಡಮ್, ಪ್ರೀತಿಯಿಂದಲೇ.

ಗೇಟಿನಲ್ಲಿ ಕುರ್ಚಿಯಿತ್ತು, ಮಕ್ಕಳಿರಲಿಲ್ಲ. ಅಂದಿನಿಂದ ದಿಂಬಮ್ಮ ನೆಲಕ್ಕೆ ಕೂರುವುದನ್ನೇ ಬಿಟ್ಟಳು.

ಮೈ ಇಳಿಸುವ ದಾರಿ ಕೇಳಲು ಕ್ಲಿನಿಕ್ಕಿಗೆ ಹೋದಾಗ ನರ್ಸ್ ಮಂಡಿ ಒತ್ತಿ ನೋಡಿ, "ಬೆಳಿಗ್ಗೆ ಏನು ತಿಂತೀರಿ?" ಎಂದು ಕೇಳಿದಳು.

"ಏನಿಲ್ಲಮ್ಮ, ಬರೀ ಟೀ, ಬಿಸ್ಕತ್ತು."

"ಎಷ್ಟು ಬಿಸ್ಕತ್ತು?"

"ಟೀ ಮುಗಿಯೋವರೆಗೆ."

"ಬಿಸ್ಕತ್ತು ಉಳಿದ್ರೆ?"

"ಇನ್ನೊಂಚೂರು ಟೀ."

ನರ್ಸ್ ನಗು ತಡೆದುಕೊಂಡಳು. ಬೇಯಿಸಿದ ಮೊಟ್ಟೆ, ಒಂದು ಹಣ್ಣು, ಸಕ್ಕರೆ ಹಾಕದ ಓಟ್ಸ್ ಎಂದು ಹೇಳಿಕೊಟ್ಟಳು. "ದಿನಾ ತೂಕ ನೋಡಿ ತಲೆ ಕೆಡಿಸ್ಕೋಬೇಡಿ. ಹಾಕ್ಕೊಳ್ಳೋ ಬಟ್ಟೆ ಸಡಿಲ ಆಯ್ತಾ, ಇಳಿದಿದ್ದೀರಿ ಅಂತ ಅರ್ಥ."

ಈ ಕೊನೆಯ ಮಾತನ್ನು ದಿಂಬಮ್ಮ ಮನೆಯಲ್ಲಿ ಬಾಯಿಬಿಡಲಿಲ್ಲ. ಶಾಲೆಯ ನೀಲಿ ಅಂಗಿ ಸಡಿಲವಾದ ದಿನ ಗಂಡನ ಮುಂದೆ ಒಂದು ಸುತ್ತು ತಿರುಗಿ ತೋರಿಸಬೇಕೆಂಬ ಆಸೆ ಅವಳದು. ಗಂಡ ದರ್ಜಿ. ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ.

ಮೊದಲ ದಿನದ ಓಟ್ಸ್ ಚಮಚ ಬಿಟ್ಟು ಅಲುಗಲಿಲ್ಲ. "ಗೋಡೆ ಬಿರುಕಿಗೆ ತುಂಬಬಹುದು ಕಣೇ," ಎಂದ ಗಂಡ. ಪಕ್ಕದ ಮನೆಯಲ್ಲಿದ್ದ ನಾದಿನಿ, "ಅತ್ತಿಗೆ, ಬೆಳಿಗ್ಗೆ ಏನೂ ತಿನ್ನಬೇಡಿ, ತಾನೇ ಕರಗುತ್ತೆ," ಎಂದಳು. ಶಾಲೆಯ ಅಡುಗೆಯವಳು, "ತಿನ್ನದೇ ಇರೋರೇ ಊದಿಕೊಳ್ಳೋದು," ಎಂದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಎಲ್ಲರಿಗೂ ಹೂಂಗುಟ್ಟಿ, ದೇವರ ಮೇಲೆ ಭಾರ ಹಾಕಿ, ಅವಳು ನರ್ಸ್ ಹೇಳಿದ್ದನ್ನೇ ಹಿಡಿದಳು. ನೀರು ಜಾಸ್ತಿ ಹಾಕಿ, ಸೇಬು ತುರಿದು, ಚಿಟಿಕೆ ಉಪ್ಪು ಬೆರೆಸುವುದನ್ನು ಕಲಿತಳು. ಬರಬರುತ್ತಾ ಅದು ರುಚಿಸತೊಡಗಿತು.

ಅಂಗಿ ಮಾತ್ರ ಜಪ್ಪಯ್ಯ ಅಂದರೂ ಸಡಿಲವಾಗಲಿಲ್ಲ. ರಜೆಯಲ್ಲೂ ಪ್ರತಿ ಬೆಳಿಗ್ಗೆ ಹಾಕಿಕೊಂಡು ಸೊಂಟದ ಹತ್ತಿರ ಚಿವುಟಿ ನೋಡುವಳು; ಅಳತೆ ತೆಗೆದು ಹೊಲಿದಂತೆ ಕೂತಿರುತ್ತಿತ್ತು. ತಿನ್ನುವುದು ಕಡಿಮೆಯಾಗಿದೆ, ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ, ಅಂಗಿ ಹಾಗೇ ಇದೆ. ಯಾವುದನ್ನು ನಂಬುವುದು? ಉಸಿರನ್ನೋ, ಬಟ್ಟೆಯನ್ನೋ? ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗಾಯಿತಲ್ಲ ಎಂದು ಕೊರಗಿದಳು.

ರಜೆ ಮುಗಿದ ಬೆಳಿಗ್ಗೆ ಒಲೆ ಹಚ್ಚಲೂ ಮನಸ್ಸಾಗಲಿಲ್ಲ. ಬಿಸ್ಕತ್ತಿನ ಡಬ್ಬಿ ತೆರೆದು ಮುಷ್ಟಿ ತುಂಬಿಕೊಂಡಳು. ಗೇಟಾದರೆ ಗೇಟು. ಅಷ್ಟರಲ್ಲಿ ಅಂಗಿಯೊಳಗೆ ಪಕ್ಕೆಗೆ ಏನೋ ಚುಚ್ಚಿತು. ಬಿಸ್ಕತ್ತು ಪಕ್ಕಕ್ಕಿಟ್ಟು, ಅಂಗಿ ಬಿಚ್ಚಿ ಒಳಮಗ್ಗುಲು ತಿರುಗಿಸಿದರೆ ದಾರದ ತುದಿ. ಅದರಾಚೆ ಹಳೆಯ ಹೊಲಿಗೆಯ ತೂತುಗಳ ಸಾಲು. ಅದರಾಚೆ ಇನ್ನೊಂದು ಸಾಲು.

"ರೀ, ಇದೇನಿದು?"

"ಹೊಲಿಗೆ," ಎಂದ ಗಂಡ, ಸೂಜಿಗೆ ದಾರ ಪೋಣಿಸುತ್ತಾ. "ಭುಜದಿಂದ ಕೊಂಚ ಜಾರಿದ್ದು ಕಣ್ಣಿಗೆ ಬಿತ್ತು, ರಾತ್ರಿ ನೀನು ಮಲಗಿದ್ಮೇಲೆ ಪಕ್ಕೆ ಹಿಡಿದೆ. ಮತ್ತೆ ಜಾರ್ತು, ಮತ್ತೆ ಹಿಡಿದೆ."

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಇದರಲ್ಲಿ ಹೇಳೋದೇನಿದೆ? ಬಿಗಿಯಾದಾಗೆಲ್ಲ ಬಿಚ್ಚಿ ಕೊಡ್ತಿದ್ದೆ, ಆಗ ಹೇಳಿದ್ನಾ? ದರ್ಜಿ ಹೆಂಡ್ತಿ ದೊಗಳೆ ಅಂಗಿ ಹಾಕ್ಕೊಂಡು ಓಡಾಡಿದ್ರೆ ನನ್ನ ಅಂಗಡಿಗೆ ಯಾರೇ ಬರ್ತಾರೆ?"

ಹಾಗಾದರೆ ದಪ್ಪಗಾದದ್ದನ್ನೂ ಈ ಅಂಗಿ ಅವಳಿಗೆ ಹೇಳಿರಲಿಲ್ಲ! ಬೈಯಬೇಕೋ ನಗಬೇಕೋ ತಿಳಿಯದೆ ಅವಳು ಬಿಸ್ಕತ್ತನ್ನೆಲ್ಲ ಡಬ್ಬಿಗೆ ವಾಪಸು ಸುರಿದಳು.

"ಎಲ್ಲಾ ಬಿಚ್ಚಿ."

"ಚೀಲ ಆಗುತ್ತೆ ಕಣೇ."

"ಆಗ್ಲಿ."

ಅಂದು ತರಗತಿಯಲ್ಲಿ ದಿಂಬಮ್ಮ ದೇವರನ್ನು ನೆನೆದು ನೆಲಕ್ಕೆ ಕೂತಳು. ಪುಟ್ಟ ಮೇಜಿನ ಅಂಚು ಹಿಡಿದು, ಮಂಡಿ ಗೊಣಗಿದರೂ, ತಾನೇ ಎದ್ದಳು. ಬಾಗಿಲಲ್ಲಿ ನಿಂತಿದ್ದ ಹೆಡ್ ಮೇಡಮ್, "ಗೇಟಿಗೆ ಬೇರೆಯವರನ್ನ ನೋಡ್ತೀನಿ ಬಿಡಿ," ಎಂದು ಹೋದರು.

ಅವಳು ಮತ್ತೆ ಕೂತಾಗ ಮಗುವೊಂದು ಬಂದು ಒರಗಿ, ಹುಬ್ಬು ಗಂಟಿಕ್ಕಿ, ಅಂಗಿಯ ಮಡಿಕೆಗಳಲ್ಲಿ ಹುಡುಕಿತು.

"ದಿಂಬಮ್ಮಾ, ನಿನ್ನ ದಿಂಬೆಲ್ಲಿ?"

"ನಾನೂ ಹುಡುಕ್ತಿದ್ದೀನಿ ಬಂಗಾರ," ಎಂದಳು. ಮಗು ದೊಗಳೆ ಅಂಗಿಯ ಅಂಚನ್ನು ಎಳೆದು ಹೊದ್ದುಕೊಂಡು ಕಣ್ಣು ಮುಚ್ಚಿತು.