ಬಾಲ್‌ಪೆನ್ನಿನ ‘ರಿ’

ಪುಣೆಯ ನಮ್ಮ ಕಚೇರಿಯಲ್ಲಿ ಕನ್ನಡ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಕಾರ್ಖಾನೆಗಳ ತೂಕದ ಸಾಫ್ಟ್‌ವೇರಿಗೆ ಕನ್ನಡ ಕೈಪಿಡಿ ಬರೆದವಳೂ ನಾನೇ, ತಿದ್ದಿದವಳೂ ನಾನೇ. ಸೂಚನೆಗಳು ಚಿಕ್ಕವಾಗಿರಬೇಕು ಎಂಬುದು ಅಲ್ಲಿಯ ನಿಯಮ. ಹಾಗಾಗಿ ‘ಒತ್ತಿರಿ’ ಎನ್ನದೆ ‘ಒತ್ತು’ ಎಂದೇ ಬರೆದಿದ್ದೆ.

ಒಮ್ಮೆ ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯೊಂದಕ್ಕೆ ಹೋಗಿದ್ದೆ. ತೂಕದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ವಿಜಾಪುರ ಕಡೆಯ ಹಿರಿಯರು. ಅವರ ಮೇಜಿನ ಮೇಲೆ ನನ್ನ ಕೈಪಿಡಿಯಿತ್ತು. ತೆರೆದು ನೋಡಿದರೆ ಎಲ್ಲ ಪುಟಗಳಲ್ಲೂ ‘ಒತ್ತು’, ‘ಬರೆ’, ‘ಮುಚ್ಚು’ಗಳ ಪಕ್ಕ ಬಾಲ್‌ಪೆನ್ನಿನಲ್ಲಿ ‘ರಿ’ ಸೇರಿಸಿದ್ದರು.

“ಇದೇನ್ರಿ?” ಎಂದೆ.

“ಇಲ್ಲಿ ದಿನಾ ಎಲ್ಲಾರೂ ನನ್ನ ಮ್ಯಾಲೆ ಒದರತಾರ್ರಿ. ಪುಸ್ತಕನೂ ಹಂಗ ಮಾತಾಡಿದ್ರ ಹೆಂಗ?”

“ಬರೆದದ್ದು ನಾನೇ.”

ಅವರು ಗಾಬರಿಯಿಂದ ಎದ್ದು ಕುರ್ಚಿ ಕೊಟ್ಟರು. “ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ಬಾಕಿ ಎಲ್ಲಾ ಭಾಳ ಛಲೋ ಅದ. ಮೂರು ಸಲ ಓದೀನಿ.”

ನಾನು ಬರೆದದ್ದನ್ನು ಓದುವವರು ಒಬ್ಬರಾದರೂ ಇದ್ದಾರೆಂದು ಗೊತ್ತಾದದ್ದು ಅವತ್ತೇ. “ಇನ್ನೇನಾದರೂ ತಪ್ಪಿದ್ದರೆ ಹೇಳಿ” ಎಂದು ಪಕ್ಕದಲ್ಲೇ ಕೂತೆ. ತನ್ನ ಪುಸ್ತಕದಲ್ಲಿ ಇನ್ನಷ್ಟು ತಪ್ಪುಗಳು ಸಿಗಲಿ ಎಂದು ಹಾರೈಸಿದ ಲೇಖಕಿ ಬಹುಶಃ ನಾನೊಬ್ಬಳೇ ಇರಬೇಕು.