ಅಪ್ಪನಿಗೆ ಕೊಟ್ಟ ಬಿರುದು

ಆ ಆಹ್ವಾನ ಪತ್ರಿಕೆಯನ್ನು ನಾನು ಎರಡೆರಡು ಸಲ ಓದಿದೆ. ಗವಿಪುರದ ನಮ್ಮ ರಸ್ತೆಯ ಕನ್ನಡ ಸಂಘದವರು ಆ ವರ್ಷ ರಾಜ್ಯೋತ್ಸವಕ್ಕೆ ಬಡಾವಣೆಯ ದಾನಿಗಳನ್ನೂ ಸ್ವಯಂಸೇವಕರನ್ನೂ ಅಂಗಡಿಯವರನ್ನೂ ಕರೆದು ಸನ್ಮಾನ ಮಾಡುವುದೆಂದು ತೀರ್ಮಾನಿಸಿದ್ದರು. ಸನ್ಮಾನಿತರಲ್ಲಿ ಮೊದಲ ಹೆಸರೇ ನಮ್ಮಪ್ಪನದು. ಹೆಸರಿಗೆ ಮೊದಲು ದಪ್ಪಕ್ಷರದಲ್ಲಿ ‘ಕೀರ್ತಿಶೇಷ’ ಎಂದಿತ್ತು. ಅಪ್ಪ ನನ್ನ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು.

“ಚೆನ್ನಾಗಿ ಹಾಕಿದಾರೆ ಅಲ್ವಾ? ಬಿರುದು ಬೇರೆ ಕೊಟ್ಬಿಟ್ಟಿದಾರೆ” ಎಂದರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವಳು. ಒತ್ತಕ್ಷರ ತಪ್ಪಿದರೇ ಮೈಯೆಲ್ಲ ಉರಿಯುವ ಜಾತಿ ನನ್ನದು. ಇಲ್ಲಿ ನೋಡಿದರೆ ಹೆತ್ತ ತಂದೆಯನ್ನೇ ಅಚ್ಚು ಹಾಕಿಸಿ ಸಾಯಿಸಿದ್ದರು.

“ಅಪ್ಪಾ, ಕೀರ್ತಿಶೇಷ ಅಂದ್ರೆ ಸತ್ತೋದವರು. ಮನುಷ್ಯ ಹೋಗಿ ಹೆಸರು ಮಾತ್ರ ಉಳ್ಕೊಂಡಿದೆ ಅಂತ ಅರ್ಥ.”

ಅಪ್ಪ ಲೋಟ ಕೆಳಗಿಟ್ಟು ತಮ್ಮ ಎದೆಯನ್ನೊಮ್ಮೆ ಮುಟ್ಟಿ ನೋಡಿಕೊಂಡರು.

ಅಪ್ಪನದು ಹಿಟ್ಟಿನ ಗಿರಣಿ. ಮನೆಯ ಮುಂಭಾಗದಲ್ಲೇ ಮಿಲ್ಲು, ಹಿಂದೆ ನಾವು. ಎನ್.ಆರ್. ಕಾಲೋನಿ ಕಡೆ ಬಡ ಮಕ್ಕಳಿಗೆ ಊಟ ಹಾಕಿ ಓದಿಸುವ ಒಂದು ಉಚಿತ ವಿದ್ಯಾರ್ಥಿನಿಲಯವಿತ್ತು. ಅಲ್ಲಿಗೆ ಬೇಕಾದ ರಾಗಿಯನ್ನು ಅಪ್ಪ ತಾವೇ ಕೊಂಡು, ತೊಳೆಸಿ, ಒಣಗಿಸಿ, ಬೀಸಿ, ಭಾನುವಾರ ಬೆಳಿಗ್ಗೆ ಸೈಕಲ್ಲಿನ ಮೇಲೆ ಕೊಟ್ಟು ಬರುತ್ತಿದ್ದರು. ಅದಕ್ಕಾಗಿಯೇ ಈ ಸನ್ಮಾನ. ಬೇಡ ಬೇಡ ಎಂದವರು, ಬಿರುದು ನೋಡಿ ಒಳಗೊಳಗೇ ಉಬ್ಬಿದ್ದರು ಪಾಪ.

ಸಂಘದ ಕಾರ್ಯದರ್ಶಿಯನ್ನು ಕರೆಸಿದೆ. ಸೈಟು ಕೊಡಿಸುವ ವ್ಯವಹಾರದವನು, ಮನಸ್ಸು ಒಳ್ಳೆಯದು, ಕನ್ನಡಾಭಿಮಾನ ಮೈತುಂಬ, ಕನ್ನಡ ಅಷ್ಟಕ್ಕಷ್ಟೆ.

“ಮೇಡಂ, ದೇವಸ್ಥಾನದ ಗೋಡೆ ನೋಡಿ ಬೇಕಾದ್ರೆ. ದೊಡ್ಡ ದೊಡ್ಡ ದಾನ ಕೊಟ್ಟೋರ ಹೆಸರಿಗೆಲ್ಲ ಕಲ್ಲಲ್ಲಿ ಇದೇ ಕೆತ್ತಿದಾರೆ. ಬರೀ ಶ್ರೀ ಅಂತ ಹಾಕಿದ್ರೆ ನಿಮ್ಮ ತಂದೆಯವರಿಗೆ ಕಮ್ಮಿ ಆಗ್ತಿತ್ತು” ಎಂದ.

“ಅವರೆಲ್ಲ ಸತ್ತೋಗಿದಾರೆ ಕಣ್ರೀ!”

“ಎಲ್ರೂನಾ?” ಎಂದು ಅವನು ಬಾಯಿ ಬಿಟ್ಟು ನಿಂತ.

ಸಂಘದ ಹುಡುಗರು ಕಟ್ಟುಗಟ್ಟಲೆ ಪತ್ರಿಕೆಗಳನ್ನು ತಂದು ನಮ್ಮ ಮಿಲ್ಲಿನ ಬೆಂಚಿನ ಮೇಲೆ ಸುರಿದರು. ಎಲ್ಲರೂ ಕೂತು ಕಪ್ಪು ಸ್ಕೆಚ್ ಪೆನ್ನಿನಿಂದ ಆ ಪದವನ್ನು ಹೊಡೆದು ಹಾಕಿದೆವು. ಇನ್ನೇನು ಮುಗಿಯಿತು ಎನ್ನುವಾಗ ಅಡುಗೆಮನೆ ಬಾಗಿಲಿಗೆ ಅಮ್ಮ ಬಂದು ನಿಂತಳು.

“ಒಂದನ್ನ ಮೊನ್ನೇನೇ ಪೋಸ್ಟ್ ಮಾಡ್ಬಿಟ್ಟೆ. ಮಲ್ಲೇಶ್ವರಕ್ಕೆ.”

ಮಲ್ಲೇಶ್ವರ ಎಂದರೆ ನನ್ನ ಅತ್ತೆ, ಅಪ್ಪನ ಒಡಹುಟ್ಟಿದ ಅಕ್ಕ. ಅಕ್ಕ ತಮ್ಮಂದಿರ ನಡುವೆ ಮಾತು ನಿಂತು ವರ್ಷಗಳೇ ಆಗಿದ್ದವು. ಅತ್ತೆಯ ಮಗಳ ಮದುವೆಯಲ್ಲಿ ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾಗಿದ್ದ ಸೋದರಮಾವ ನಮ್ಮಪ್ಪ. ಅವತ್ತು ಭಾನುವಾರ. ರಾತ್ರಿಯೆಲ್ಲ ಕರೆಂಟಿರಲಿಲ್ಲ. ಬೆಳಿಗ್ಗೆ ಕರೆಂಟು ಬಂದಾಗ, ನಿಲಯದ ಮಕ್ಕಳು ಉಪವಾಸ ಇರಬೇಕಾಗುತ್ತದೆಂದು ಅಪ್ಪ ಹಿಟ್ಟು ಬೀಸಿ, ಕೊಟ್ಟು, ಛತ್ರಕ್ಕೆ ಓಡುವ ಹೊತ್ತಿಗೆ ಯಾರೋ ದೂರದ ನೆಂಟರು ಹುಡುಗಿಯ ಕೈಹಿಡಿದು ಕರೆತಂದಿದ್ದರು. ಮುಹೂರ್ತ ಮುಗಿದಿತ್ತು. “ಇನ್ನು ನಿನ್ನ ಹೊಸ್ತಿಲು ತುಳಿಯಲ್ಲ” ಎಂದು ಅತ್ತೆ ಅಷ್ಟು ಜನರ ಮುಂದೆ ಹೇಳಿದ್ದರು, ಹೇಳಿದಂತೆ ನಡೆದುಕೊಂಡಿದ್ದರು. ತಮ್ಮನಿಗೆ ಶಾಲು ಹೊದಿಸುವುದನ್ನು ನೋಡಲಾದರೂ ಬರಲಿ ಎಂಬ ಆಸೆಯಿಂದ ಅಮ್ಮ ಯಾರಿಗೂ ಹೇಳದೆ, ಅಂಚಿಗೆ ಅರಿಶಿನ ಹಚ್ಚಿ, ಒಳಗೆ ಏನಿದೆಯೆಂದು ಓದದೆ, ಕಳಿಸಿದ್ದಳು.

ನಾನು ಮೂಲೆಯ ಎಸ್‌ಟಿಡಿ ಬೂತಿಗೆ ಓಡಿದೆ. ಅತ್ತೆಯ ಮನೆಯ ಫೋನು ಬಡಿದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ವಾಪಸು ಬರುವಾಗ ನಮ್ಮ ಗೇಟಿನ ಮುಂದೆ ಆಟೋ ನಿಂತಿತ್ತು.

ಅತ್ತೆ ಅಮ್ಮನ ಎರಡೂ ತೋಳು ಹಿಡಿದು ಅಲ್ಲಾಡಿಸುತ್ತಿದ್ದರು. “ಒಂದು ಫೋನ್ ಮಾಡಕ್ಕೆ ಆಗ್ಲಿಲ್ವೇನೇ? ನನ್ ತಮ್ಮನ ಮುಖ ನೋಡಕ್ಕೂ ಬಿಡ್ಲಿಲ್ವಲ್ಲೇ! ಕಾರ್ಡಲ್ಲಿ ಓದಿ ತಿಳ್ಕೋಬೇಕಾ ನಾನು?” ಅತ್ತೆಯ ಅಳುವಿಗೆ ಎದುರು ಮನೆಯವರೂ ಹೊರಗೆ ಬಂದಿದ್ದರು.

ಅಷ್ಟರಲ್ಲಿ ಮಿಲ್ಲಿನ ಸದ್ದು ನಿಂತಿತು. “ಯಾರೇ ಅದು ಬಂದಿರೋದು?” ಎನ್ನುತ್ತ ಅಪ್ಪ ಈಚೆ ಬಂದರು. ತಲೆ, ಹುಬ್ಬು, ಮೀಸೆ, ಬನಿಯನ್ನು, ಅಡಿಯಿಂದ ಮುಡಿವರೆಗೂ ಹಿಟ್ಟು.

ಅತ್ತೆ ಕಿರುಚಿದ ಕಿರುಚು ಇವತ್ತಿಗೂ ನನ್ನ ಕಿವಿಯಲ್ಲಿದೆ. ಹಿಂದಕ್ಕೆ ಹೋಗಿ ರಾಗಿ ಮೂಟೆಗಳ ಮೇಲೆ ಕುಸಿದರು. ಅಮ್ಮ ನೀರು ತರಲು ಓಡಿದಳು. ಅಪ್ಪ ಬಳಿಗೆ ಹೋಗಿ “ಅಕ್ಕಾ, ನಾನು” ಎಂದರು. ಅತ್ತೆ ಅವರ ಮುಖವನ್ನೇ ದಿಟ್ಟಿಸಿದರು, ಕೈ ಚಾಚಿ ಮೀಸೆಯ ಹಿಟ್ಟನ್ನು ಒರೆಸಿದರು. ಆಮೇಲೆ ಎದ್ದವರೇ ಅಪ್ಪನ ಭುಜಕ್ಕೆ, ಬೆನ್ನಿಗೆ ಹೊಡೆಯತೊಡಗಿದರು. ಹೊಡೆದಾಗಲೆಲ್ಲ ಹಿಟ್ಟು ಹಾರುತ್ತಿತ್ತು.

“ಸತ್ತಿಲ್ವಲ್ಲೋ! ಸತ್ತಿಲ್ವಲ್ಲೋ ನೀನು!”

“ಇಲ್ಲಕ್ಕ” ಎಂದರು ಅಪ್ಪ, ಪೆಟ್ಟು ತಿನ್ನುತ್ತಲೇ. “ನೀನು ಬರ್ತೀಯಾ ಅಂತ ಗೊತ್ತಿದ್ದಿದ್ರೆ ಆವಾಗ್ಲೇ ಸಾಯ್ತಿದ್ದೆ.”

ಅತ್ತೆ ಸನ್ಮಾನದ ದಿನದವರೆಗೂ ನಮ್ಮಲ್ಲೇ ಉಳಿದರು. ಸಮಾರಂಭದಲ್ಲಿ ಮೊದಲ ಸಾಲಿನಲ್ಲಿ ಕೂತರು. ಅಪ್ಪನಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುವಾಗ ನಿರೂಪಕ ಮೈಕಿನಲ್ಲಿ ಗಟ್ಟಿಯಾಗಿ “ಕೀರ್ತಿಶೇಷ” ಎಂದುಬಿಟ್ಟ. ಅವನ ಚೀಟಿಯನ್ನು ತಿದ್ದುವುದು ಎಲ್ಲರಿಗೂ ಮರೆತುಹೋಗಿತ್ತು. ಅತ್ತೆ ಎದ್ದು ನಿಂತು “ಹೊಡೆದು ಹಾಕ್ರೀ ಅದನ್ನ! ಕಣ್ ಕಾಣಲ್ವಾ, ಇಲ್ಲೇ ನಿಂತಿದಾನೆ!” ಎಂದು ಗುಡುಗಿದರು. ಜನ ಬಿದ್ದು ಬಿದ್ದು ನಕ್ಕರು, ಅಪ್ಪ ಪೇಟದೊಳಗೆ ಎಲ್ಲರಿಗಿಂತ ಹೆಚ್ಚು ನಕ್ಕರು.

ಕೆಲವು ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ ಅಪ್ಪ ಮಿಲ್ಲಿನಲ್ಲೇ ಕುಸಿದು ಹೋಗಿಬಿಟ್ಟರು. ಆ ಸಾರಿಯ ರಾಜ್ಯೋತ್ಸವಕ್ಕೆ ಸಂಘದವರು ಅಪ್ಪನ ಹೆಸರಿನಲ್ಲಿ ಸ್ವಯಂಸೇವಕರನ್ನು ಸನ್ಮಾನಿಸುವುದೆಂದು ಪತ್ರಿಕೆ ಮಾಡಿಸಿದರು. ಅಚ್ಚಿಗೆ ಹೋಗುವ ಮುಂಚೆ ಕಾರ್ಯದರ್ಶಿ ನನ್ನ ಹತ್ತಿರ ತಂದು, ಹೆದರುತ್ತ, “ಈಗ ಸರಿ ಇದೆಯಾ ಮೇಡಂ?” ಎಂದು ಕೇಳಿ ಹೋಗಿದ್ದ.

ಆ ಪತ್ರಿಕೆಯನ್ನು ನಾನೇ ಮಲ್ಲೇಶ್ವರಕ್ಕೆ ಒಯ್ದೆ. ಅತ್ತೆ ಕನ್ನಡಕ ಹಾಕಿಕೊಂಡು ಓದಿದರು. ಆ ಪದದ ಮೇಲೆ ಬೆರಳಿಟ್ಟರು. ಆಮೇಲೆ ಫೋನಿನ ಪಕ್ಕದಲ್ಲಿದ್ದ ಪೆನ್ನು ತೆಗೆದು ನನ್ನ ಕಡೆ ಚಾಚಿದರು.

“ಈ ಸಲ ಯಾಕೆ ಹೊಡೆದು ಹಾಕ್ಲಿಲ್ಲ ನೀನು?”

ಪದ ಈ ಸಲ ಸರಿಯಾಗಿಯೇ ಇತ್ತು. ನಾನು ಪೆನ್ನು ತೆಗೆದುಕೊಂಡು ಅದನ್ನು ಹೊಡೆದು ಹಾಕಿದೆ.