ಹುಳು ಮನೆ ಪಕ್ಕದ ಸೀಬೆ ತೋಟ

ಶಿಡ್ಲಘಟ್ಟದ ಹೊರಗೆ, ಕೆರೆ ಏರಿಯ ಕೆಳಗೆ ರತ್ನಮ್ಮನವರ ಸೀಬೆ ತೋಟವಿದೆ. ಬಂದವರು ತಾವೇ ಹಣ್ಣು ಕಿತ್ತು, ತೂಕ ಹಾಕಿಸಿಕೊಂಡು ಒಯ್ಯಬಹುದು. ಗೇಟಿನಲ್ಲಿ ನನಗಿಂತ ಮುಂದೆ ಬೆಂಗಳೂರಿನ ಹೆಂಗಸೊಬ್ಬರು ಪುಟ್ಟ ಮಗಳೊಂದಿಗೆ ನಿಂತಿದ್ದರು. ರತ್ನಮ್ಮ ಅವರ ತೋಳನ್ನು ಮೂಸಿ ನೋಡಿದರು.

“ಏನ್ ಹಚ್ಕೊಂಡಿದ್ದೀರಮ್ಮ?”

“ಸೊಳ್ಳೆ ಕ್ರೀಮ್. ಕೆರೆ ಪಕ್ಕ ಅಲ್ವಾ?”

“ಒಳಗೆ ರೇಷ್ಮೆ ಹುಳು ಮನೆ ಐತೆ. ಆ ಮದ್ದು ತಾಕಿದ್ರೆ ಹುಳ ಸಾಯ್ತವೆ. ಇನ್ನೆರಡು ದಿನಕ್ಕೆ ಗೂಡು ಕಟ್ಟೋವು. ಇಬ್ರೂ ತೊಳ್ಕೊಂಡು ಬನ್ನಿ.”

“ಹಣ್ಣು ಕೀಳೋಕೂ ಸ್ನಾನ ಮಾಡ್ಬೇಕಾ?”

“ಬಾಣಂತಿ ನೋಡಕ್ ಹೋದ್ರೆ ಕೈಕಾಲು ತೊಳ್ಕೊಳಲ್ವಾ? ಹಂಗೇ ಅನ್ಕೊಳ್ಳಿ.”

ಆಕೆ ನಕ್ಕು, ಮಗಳನ್ನು ಕರೆದುಕೊಂಡು ನೀರಿನ ತೊಟ್ಟಿಯತ್ತ ನಡೆದರು. ಸೋಪು ಅಲ್ಲೇ ಇತ್ತು.

ತೋಟದೊಳಗೆ ಹುಡುಗಿ ಹಣ್ಣು ಹಿಡಿದು ಎಳೆದಾಗ ಕೊಂಬೆಯೇ ಬಗ್ಗಿತು. “ಎಳೀಬೇಡ ಕಣಮ್ಮ, ತಿರುಗಿಸು” ಎಂದು ರತ್ನಮ್ಮ ಅವಳ ಕೈ ಮೇಲೆ ಕೈಯಿಟ್ಟು ತಿರುಗಿಸಿದರು. ಹಣ್ಣು ಬಿಡಿಸಿಕೊಂಡು ಬಂತು. ಆಮೇಲೆ ತಮ್ಮ ಅಂಗೈ ಮೂಸಿದರು. ಮತ್ತೊಮ್ಮೆ ಮೂಸಿದರು.

ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಾಗಿತ್ತು. ಹುಳು ಮನೆಯ ಬಾಗಿಲಲ್ಲಿ ಗಂಡ ಮುನಿರಾಜು ಕಾಯುತ್ತಿದ್ದರು.

“ಬಾ, ಸೊಪ್ಪು ಬಾಡ್ತಾ ಐತೆ.”

“ಇವತ್ತು ನೀವೇ ಹಾಕ್ಬಿಡಿ. ಮಗು ಕೈ ಹಿಡ್ಕೊಂಡಿದ್ದೆ, ನನ್ ಕೈಗೂ ಆ ಮದ್ದಿನ ವಾಸ್ನೆ ಅಂಟೈತೆ, ಒಳಕ್ಕೆ ಬರಲ್ಲ.”

“ಬೆಳಿಗ್ಗೆಯಿಂದ ಹುಳ ನೋಡ್ಬೇಕು ಅಂತ ಪ್ರಾಣ ತಿಂದಿದ್ದೆ!”

“ಈಗ ಬೇಡ ಅಂದ್ನಲ್ಲ.”

ಬಾಗಿಲು ಮುಚ್ಚಿತು. ಹುಡುಗಿ ತಾನೇ ತಿರುಗಿಸಿ ಇನ್ನೊಂದು ಹಣ್ಣು ಕಿತ್ತು, ಓಡಿ ಬಂದು ಕೊಟ್ಟಳು. ರತ್ನಮ್ಮ ಆ ಬಾಗಿಲಿಗೆ ಬೆನ್ನು ಮಾಡಿ ನಿಂತು, ಅದನ್ನು ಪೂರ್ತಿ ತಿಂದರು.